ಆರನೇ ವಾರದ ಸ್ಪಂಜ್ ಕೇಕು

ನಾರಿಚ್
9 ಜೂನ್ 2019

ಪ್ರೀತಿಯ ಅಪ್ಪ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ಬಿಸಾಡಬೇಕೆಂದರೂ ಮೊದಲು ಬಾಗಿಲ ತನಕ ಬಂದು ಎತ್ತಿಕೊಳ್ಳಬೇಕಲ್ಲ. ನಿಜ ಹೇಳಬೇಕೆಂದರೆ ನಾವಿಬ್ಬರೂ ಫೋನಿನಲ್ಲಿ ಯಾವತ್ತೂ ಮಾತಾಡಿದವರೇ ಅಲ್ಲ. ನಾನು ಮನೆ ಬಿಟ್ಟಾಗಿನಿಂದ ಇವತ್ತಿನವರೆಗೆ ನೀನು ಫೋನಿನಲ್ಲಿ ಹೇಳಿರುವುದು ಒಂದೇ ಮಾತು: "ಇರು, ನಿಮ್ಮಮ್ಮಂಗೆ ಕೊಡ್ತೀನಿ." ಈಗ ಕೊಡುವುದಕ್ಕೆ ಅಮ್ಮ ಇಲ್ಲ. ಆ ಫೋನನ್ನು ಏನು ಮಾಡಬೇಕು ಎಂದು ನಿನಗೂ ತೋಚುತ್ತಿಲ್ಲ ಅಂತ ಕಾಣುತ್ತದೆ.

ಅಮ್ಮ ತೀರಿಕೊಂಡ ಭಾನುವಾರ ನಾನು ಎಲ್ಲಿದ್ದೆ ಎಂದು ಮಣ್ಣು ಮಾಡಿ ಬಂದ ದಿನ ನೀನು ಎಲ್ಲರ ಮುಂದೆ ಕೇಳಿದೆ. ಕೆಲಸದ ಮೇಲೆ ಹೊರಗಿದ್ದೆ ಅಂದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಜನರಿಗೆ ಟೈಮು ಕೊಡುವವಳಿಗೆ ಭಾನುವಾರ ಏನು ಕೆಲಸ ಎಂದು ನೀನು ಗದರಿಸಿದ್ದೂ ಸರಿಯೇ. ಆದರೆ ಎಲ್ಲಿದ್ದೆ ಎಂದು ಆಗಸ್ಟ್ ಮುಗಿಯುವ ತನಕ ಹೇಳುವ ಹಾಗಿಲ್ಲ ಅಪ್ಪ. ಮಾತು ಕೊಟ್ಟಿದ್ದೇನೆ, ಸಹಿಯನ್ನೂ ಹಾಕಿದ್ದೇನೆ. ಅಮ್ಮನಿಗೆ ಗೊತ್ತಿತ್ತು. ಇಷ್ಟನ್ನು ನಂಬು.

ನನ್ನನ್ನು ಕೊರೆಯುತ್ತಿರುವುದು ನೀನು ಬೈದದ್ದಲ್ಲ. ಆಮೇಲೆ ಸ್ಯಾಂಡ್‌ವಿಚ್ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಅಂದೆಯಲ್ಲ, "ಒಂದ್ಸಲಾನೂ ನಿನ್ನ ಕೇಳ್ಲಿಲ್ಲ ಅವಳು" ಅಂತ, ಅದು. ಎಲ್ಲರ ಮುಂದೆ ಅಂದಿದ್ದರೆ ಸಿಟ್ಟಿನ ಮಾತು ಅಂದುಕೊಳ್ಳುತ್ತಿದ್ದೆ. ನನಗೊಬ್ಬಳಿಗೇ ಕೇಳುವ ಹಾಗೆ ಅಂದೆ. ನಿಜವಾಗಿಯೂ ಕೇಳಲಿಲ್ಲವಾ? ಇದೊಂದನ್ನು ಬರೆದು ತಿಳಿಸು, ಬೇರೇನೂ ಬೇಡ.

ಶುಕ್ರವಾರ ಸಂಜೆ ಟಿವಿಯಲ್ಲಿ ನಮ್ಮ ಆ ಹಳೆಯ ನಗೆ ಧಾರಾವಾಹಿ 'ಕೊನೆಯ ಬಸ್ಸು' ಮತ್ತೆ ಮೊದಲಿಂದ ಹಾಕುತ್ತಿದ್ದಾರೆ. ನೋಡುತ್ತಿದ್ದೀಯಾ? ಬಸ್ ಇನ್‌ಸ್ಪೆಕ್ಟರ್ ಪಿಲ್ಲಿಂಗ್ ಟೋಪಿ ಹಿಂದಕ್ಕೆ ತಳ್ಳಿ "ಇದು ನನ್ ರೂಟಲ್ಲ" ಅಂದಾಗ ನಾನು ಒಬ್ಬಳೇ ಜೋರಾಗಿ ನಕ್ಕೆ, ಆಮೇಲೆ ಅತ್ತೆ.

ನಿನ್ನ
ಲೊರೇನ್


ಕೀತ್ಲಿ
21 ಜೂನ್ 2019

ಲೊರೇನ್,

ಕಾಗದ ಬಂತು. ಎತ್ತಿಕೊಳ್ಳಲು ಬಗ್ಗಿದಾಗ ಸೊಂಟ ಹಿಡಿಯಿತು, ಅದನ್ನೂ ನಿನ್ನ ಲೆಕ್ಕಕ್ಕೇ ಬರೆದುಕೋ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಆ ಕಡೆಗೂ ಬೆಳಕಿಲ್ಲ, ಈ ಕಡೆಗೂ ಇಲ್ಲ. ಅಮ್ಮನಿಗೆ ಗೊತ್ತಿತ್ತಂತೆ. ಸತ್ತವಳನ್ನು ಸಾಕ್ಷಿಗೆ ಕರೆಯುವುದು ಸುಲಭ, ಅವಳೇನು ಎದ್ದು ಬಂದು ಇಲ್ಲ ಅನ್ನುತ್ತಾಳೆಯೇ? ನಲವತ್ತೊಂಬತ್ತು ವರ್ಷ ಆ ಹೆಂಗಸು ನನ್ನಿಂದ ಏನನ್ನೂ ಮುಚ್ಚಿಟ್ಟವಳಲ್ಲ. ಕ್ರಿಸ್‌ಮಸ್ ಉಡುಗೊರೆಯನ್ನು ಮಾತ್ರ ಮುಚ್ಚಿಡುತ್ತಿದ್ದಳು, ಅದೂ ಪ್ರತಿ ವರ್ಷ ಕಾಲುಚೀಲವೇ ಆಗಿರುತ್ತಿತ್ತು.

ಏಪ್ರಿಲ್‌ನಿಂದ ನೀನು ಶನಿವಾರ ಭಾನುವಾರ ಈ ಕಡೆ ತಲೆ ಹಾಕಲಿಲ್ಲ. ಈಸ್ಟರ್‌ಗೆ ಬಂದೆ. ಅಮ್ಮನನ್ನು ಕುರ್ಚಿ ಸಮೇತ ಅಡುಗೆಮನೆಗೆ ಸಾಗಿಸಿಕೊಂಡು ಹೋಗಿ ಇಬ್ಬರೂ ಪಿಸಪಿಸ ಅನ್ನುತ್ತಿದ್ದಿರಿ. ನಾನು ಒಳಗೆ ಕಾಲಿಟ್ಟ ಕೂಡಲೇ ಗಪ್‌ಚಿಪ್. ಇದ್ದಷ್ಟು ದಿನವೂ ಸ್ಪಂಜ್ ಕೇಕು, ಬೆಳಿಗ್ಗೆ ಸ್ಪಂಜು, ಸಂಜೆ ಸ್ಪಂಜು. ಇಷ್ಟೊಂದು ಕೂಡಿಡಲು ಯುದ್ಧ ಏನಾದರೂ ಬರುತ್ತಿದೆಯೇ ಎಂದು ಕೇಳಿದ್ದಕ್ಕೆ ಇಬ್ಬರೂ ನಕ್ಕಿರಿ. ಗಂಡಸಿನ ವಿಷಯ ಇದ್ದರೆ ನೇರವಾಗಿ ಹೇಳು. ಮದುವೆಯಾದವನೇ? ನಾನೇನು ಪಾದ್ರಿಯಲ್ಲ, ಬಸ್ ಓಡಿಸಿಕೊಂಡಿದ್ದವನು. ನನ್ನ ಬಸ್ಸಿನಲ್ಲಿ ನಾನು ನೋಡದ್ದು ಏನಿಲ್ಲ.

ನಿಮ್ಮಮ್ಮ ಹೋದ ಮೇಲೆ ಅವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ ನಿನ್ನ ಫೋನಿಗೆ ಹಚ್ಚಿದೆ. ಪ್ರತಿ ಸಲವೂ ಅದೇ ಹೆಂಗಸು, ನೀವು ಕರೆ ಮಾಡಿದವರು ಸದ್ಯಕ್ಕೆ ಸಿಗುತ್ತಿಲ್ಲ ಎಂದು. ಕೊನೆಗೆ ಅವಳಿಗೇ ಹೇಳಿದೆ, ಥೆಲ್ಮಾ ಹೋಗಿಬಿಟ್ಟಳು ಕಣಮ್ಮ ಅಂತ. ಮಗಳಿಗಿಂತ ಮೊದಲು ಸುದ್ದಿ ಗೊತ್ತಾದದ್ದು ಆ ಹೆಂಗಸಿಗೆ.

ನೀನು ಕೇಳಿದ್ದಕ್ಕೆ ಉತ್ತರ. ಕೇಳಲಿಲ್ಲ. ಬೆಳಿಗ್ಗೆ ನಾನೇ ಕೇಳಿದೆ, ಲೊರೇನ್‌ಗೆ ಫೋನ್ ಮಾಡಲಾ ಎಂದು. ಬೇಡ ಅಂದಳು. ಆಮೇಲೆ ಔಷಧಿಯ ಮಂಪರಿನಲ್ಲಿ ಏನೇನೋ ಬಡಬಡಿಸಿದಳು. ಅಷ್ಟೇ.

'ಕೊನೆಯ ಬಸ್ಸು' ನೋಡಿದೆ. ಪಿಲ್ಲಿಂಗ್ ಬಸ್ಸನ್ನು ಒಯ್ದು ಮದುವೆ ಮನೆಯ ಅಂಗಳದಲ್ಲಿ ನಿಲ್ಲಿಸುತ್ತಾನಲ್ಲ, ಆ ಕಂತು. ನಗು ಬರಲಿಲ್ಲ. ನಗುವುದಕ್ಕೆ ಪಕ್ಕದಲ್ಲಿ ಒಬ್ಬರು ಬೇಕು ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಎಚ್. ಹೋಲ್ಡನ್


ನಾರಿಚ್
28 ಜುಲೈ 2019

ಪ್ರೀತಿಯ ಅಪ್ಪ,

'ಎಚ್. ಹೋಲ್ಡನ್' ಅಂತ ಸಹಿ ಹಾಕಿದ್ದೀಯ. ಗ್ಯಾಸಿನ ಕಂಪನಿಯವರಿಗೆ ಬರೆದ ಹಾಗಿದೆ. ಉತ್ತರ ಬರೆಯಲು ಒಂದು ತಿಂಗಳ ಮೇಲೆ ಹಿಡಿದದ್ದು ಅದಕ್ಕೇ.

ಗಂಡಸು ಯಾರೂ ಇಲ್ಲ. ಇದ್ದಿದ್ದರೆ ಅಮ್ಮನೇ ನಿನಗೆ ಹೇಳಿರುತ್ತಿದ್ದಳು, ಅದೂ ಅವನ ಹಲ್ಲು ಹೇಗಿದೆ, ಅವನ ತಾಯಿ ಎಂಥವಳು ಎನ್ನುವವರೆಗೆ.

ಬುಧವಾರಗಳು ನೆನಪಾಗುತ್ತಿವೆ. ನಮ್ಮನೆಯ ಒಪ್ಪಂದ ಇತ್ತಲ್ಲ, ಶುಕ್ರವಾರ ರಿಮೋಟು ನಿನ್ನದು, ಬುಧವಾರ ಅಮ್ಮನದು. ಬುಧವಾರ ಆ ಬೇಕಿಂಗ್ ಸ್ಪರ್ಧೆ 'ಚಿನ್ನದ ಲಟ್ಟಣಿಗೆ' ಶುರುವಾದ ಕೂಡಲೇ ನೀನು ಪೇಪರು ಅಡ್ಡ ಹಿಡಿಯುತ್ತಿದ್ದೆ. ಇಂಗ್ಲೆಂಡಿನ ಜನರಿಗೆ ಮಾಡಲು ಬೇರೆ ಕೆಲಸ ಇಲ್ಲ, ಇನ್ನೊಬ್ಬರು ಮೈದಾ ಕಲಸುವುದನ್ನು ಕೂತು ನೋಡುತ್ತಾರೆ ಎಂದು ಗೊಣಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪೇಪರಿನ ಹಿಂದಿನಿಂದ ಮಾತು ಬರುತ್ತಿತ್ತು, "ಆ ಕ್ರೀಮು ನಿಲ್ಲಲ್ಲ ನೋಡ್ತಿರು." ಅಮ್ಮನ ಜಗಳವೆಲ್ಲ ಆ ಕನ್ನಡಕದ ಜಡ್ಜ್ ಹೆಂಗಸಿನ ಜೊತೆ. ಬೇಯಿಸಿದವರನ್ನು ಕಂಡರೆ ಅಮ್ಮನಿಗೆ ಯಾವಾಗಲೂ ಕರುಣೆ. ಕೇಕು ಕುಸಿದ ಹುಡುಗಿ ಅತ್ತರೆ ಅವಳೂ ಅಳುತ್ತಿದ್ದಳು.

ನಮ್ಮನೆಯ ಓವನ್ನಿನಲ್ಲಿ ಸ್ಪಂಜು ಇದ್ದಾಗಿನ ಕಾನೂನು ಜ್ಞಾಪಕ ಇದೆಯೇ? ಮಾತು ಬೇಕಾದರೆ ಆಡಬಹುದು, ಓಡಾಡುವ ಹಾಗಿಲ್ಲ. ನೀನು ಡಿಪೋದಿಂದ ಬಂದವನು ಹೊಸ್ತಿಲಲ್ಲೇ ಶೂ ಬಿಚ್ಚಿ ಕಾಲುಚೀಲದಲ್ಲಿ ಕಳ್ಳನ ಹಾಗೆ ಒಳಗೆ ಬರಬೇಕಿತ್ತು. ಆಯಿತಾ ಎಂದು ಯಾರಾದರೂ ಓವನ್ನಿನ ಬಾಗಿಲು ತೆಗೆದರೆ ಮುಗಿಯಿತು, ಆ ವಾರವಿಡೀ ಮಾತಿಲ್ಲ. ಒಳಗಿರುವುದು ತನ್ನ ಪಾಡಿಗೆ ಮೇಲೇಳಬೇಕು, ಇಣುಕಿ ನೋಡಿದರೆ ಕುಸಿಯುತ್ತೆ ಅನ್ನುತ್ತಿದ್ದಳು.

ಅಪ್ಪ, ಒಂದು ಕೇಳಿಕೊಳ್ಳುತ್ತೇನೆ. ಅಮ್ಮ ಕೇಕು ಬೇಯಿಸುತ್ತಿದ್ದ ಡಬ್ಬಿಗಳನ್ನು ಯಾರಿಗೂ ಕೊಡಬೇಡ. ಅದರಲ್ಲೂ ಅಂಚು ನೆಗ್ಗಿದ ಆ ದುಂಡನೆಯದು. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ, ನೀನು ಬಾ ಅಂದಾಗ.

ಲೊರೇನ್


ಕೀತ್ಲಿ
3 ಆಗಸ್ಟ್ 2019

ಲೊರೇನ್,

ಡಬ್ಬಿಗಳು ಹೋದವು. ನಿನ್ನ ಕಾಗದ ಬರುವುದಕ್ಕೆ ಮೊದಲೇ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಹಳೆ ಸಾಮಾನು ಮಾರಿ ಬಡವರಿಗೆ ಹಣ ಕೊಡುತ್ತಾರಲ್ಲ, ಆ ಅಂಗಡಿಗೆ ಹಾಕಿ ಬಂದೆ. ಬೀರು ತೆರೆದಾಗಲೆಲ್ಲ ಎದುರಿಗೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ನಾನೇನು ಕೇಕು ಮಾಡುವವನೇ?

ನಿನ್ನ ಕಾಗದ ಓದಿದ ಮೇಲೆ ಅಂಗಡಿಗೆ ಹೋದೆ. ಹೋಗಿಬಿಟ್ಟಿವೆ. ಯಾರು ಕೊಂಡರು ಎಂದು ಆ ಹುಡುಗಿಗೆ ನೆನಪಿಲ್ಲ. ಇನ್ನು ಬೈಯುವುದಿದ್ದರೆ ಬೈ. ಈ ಸಲ ನ್ಯಾಯ ನಿನ್ನ ಕಡೆ ಇದೆ.

ಹೆರಾಲ್ಡ್ ಹೋಲ್ಡನ್
(ಗ್ಯಾಸಿನವರಿಗೆ ಹೆಸರನ್ನು ಪೂರ್ತಿ ಬರೆಯುವುದಿಲ್ಲ. ನಿನಗೆ ಬರೆದಿದ್ದೇನೆ.)


ನಾರಿಚ್
21 ಆಗಸ್ಟ್ 2019

ಅಪ್ಪ,

ನಾಳೆ ಪೇಪರಿನಲ್ಲಿ ಬರುತ್ತದೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈಗೆ ಸಿಗುವುದಿಲ್ಲ, ಪಕ್ಕದ ಮನೆಯ ಮೇವಿಸ್ ಗೋಡೆ ಹಾರಿ ಬಂದು ಮೊದಲು ಹೇಳಿರುತ್ತಾಳೆ. ಆದರೂ ನಾನೇ ಬರೆದು ಹೇಳಬೇಕು.

ಈ ವರ್ಷದ 'ಚಿನ್ನದ ಲಟ್ಟಣಿಗೆ'ಯಲ್ಲಿ ನಾನಿದ್ದೇನೆ.

ಅರ್ಜಿ ಹಾಕು ಎಂದು ಬೆನ್ನು ಹತ್ತಿದವಳು ಅಮ್ಮ. ನಿನ್ನ ಕೇಕು ಆ ಟಿವಿಯವರ ಕೇಕಿಗಿಂತ ಕಡಿಮೆಯೇ, ನಾನಿರುವಾಗಲೇ ಒಂದು ಸಲ ನೋಡಿಬಿಡುತ್ತೇನೆ ಅಂದಳು. ಆಯ್ಕೆಯಾದಾಗ ಅವಳು ಆಗಲೇ ಹಾಸಿಗೆ ಹಿಡಿದಿದ್ದಳು. ಬೇಡ, ಬಿಟ್ಟುಬಿಡುತ್ತೇನೆ ಅಂದೆ. ಬಿಟ್ಟರೆ ನನ್ನ ಮುಖ ನೋಡಬೇಡ ಅಂದಳು. ಏಪ್ರಿಲ್‌ನಿಂದ ಪ್ರತಿ ಶನಿವಾರ ಭಾನುವಾರ ಚಿತ್ರೀಕರಣ, ಈಸ್ಟರ್ ಬಿಟ್ಟು. ಗ್ಲಾಸ್ಟರ್ ಕಡೆ ಒಂದು ದೊಡ್ಡ ಬಂಗಲೆಯ ತೋಟ, ಅದರೊಳಗೆ ಆ ಗಾಜಿನ ಮನೆ. ಟಿವಿಯಲ್ಲಿ ಬರುವ ತನಕ ಬಾಯಿ ಬಿಡುವ ಹಾಗಿಲ್ಲ. ಮನೆಯವರಲ್ಲಿ ಒಬ್ಬರಿಗೆ ಮಾತ್ರ ಹೇಳಬಹುದು. ನಾನು ಅಮ್ಮನಿಗೆ ಹೇಳಿದೆ. ನಿನಗೂ ಹೇಳೋಣವೇ ಎಂದು ಅವಳನ್ನು ಕೇಳಿದ್ದೆ. "ನಿಮ್ಮಪ್ಪಂಗೆ ಹೇಳೋದೂ ಒಂದೇ, ಬಸ್ಸಿನ ಮೇಲೆ ಬರ್ಸೋದೂ ಒಂದೇ" ಅಂದಳು.

ಬೆಳಿಗ್ಗೆ ಒಳಗೆ ಹೋಗುವಾಗ ಎಲ್ಲರ ಫೋನನ್ನೂ ಒಂದು ಬುಟ್ಟಿಗೆ ಹಾಕಿಸಿಕೊಳ್ಳುತ್ತಾರೆ, ಸಂಜೆ ವಾಪಸ್ಸು. ತುರ್ತಿಗೆಂದು ಬೇರೆ ಒಂದು ನಂಬರು ಇರುತ್ತದೆ. ಅದನ್ನು ಅಮ್ಮನಿಗೆ ಕೊಟ್ಟಿದ್ದೆ, ಏನಾದರೂ ಆದರೆ ಅಪ್ಪನಿಗೆ ಹೇಳು, ತಕ್ಷಣ ಹೊರಟು ಬರುತ್ತೇನೆ ಅಂದಿದ್ದೆ. ಹೂಂ ಅಂದಿದ್ದಳು. ಯಾಕೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ಬೇಡ ಅಂದಳು ಎಂದು ನೀನು ಬರೆದಿದ್ದೀಯ. ನಾನು ಬರುವುದೇ ಬೇಡವಾಗಿತ್ತೇ? ಕೇಕು ಮಾಡಲು ಹೋದ ಮಗಳ ಮೇಲೆ ಕೊನೆಗೆ ಬೇಜಾರಾಯಿತೇ? ಹೋಗು ಎಂದು ಬಾಯಲ್ಲಿ ಹೇಳುವುದು ಬೇರೆ, ಒಳಗೆ ಅನ್ನಿಸುವುದು ಬೇರೆ. ನಮ್ಮ ಜನ ಬಾಯಿ ಬಿಟ್ಟು ಏನನ್ನಾದರೂ ಕೇಳಿಕೊಂಡದ್ದು ಯಾವಾಗ? ನಾನು ಅದನ್ನು ತಿಳಿದುಕೊಳ್ಳಬೇಕಿತ್ತು. ಕಾಲು ಮುರಿದುಕೊಂಡು ಬಿದ್ದವರನ್ನು ಕೇಳಿದರೂ ಪರವಾಗಿಲ್ಲ, ನಿಮಗ್ಯಾಕೆ ತೊಂದರೆ ಅನ್ನುವ ಜನ ನಾವು.

ಆರನೇ ವಾರದ ಕಂತು ಆ ಭಾನುವಾರದ್ದು. ಅಕ್ಟೋಬರ್ 2ಕ್ಕೆ ಬರುತ್ತದೆ. ಅದೊಂದನ್ನು ನೋಡಬೇಡ.

ಲೊರೇನ್


ಕೀತ್ಲಿ
30 ಆಗಸ್ಟ್ 2019

ಲೊರೇನ್,

ಮೇವಿಸ್ ಗೋಡೆ ಹಾರಲಿಲ್ಲ, ಮಂಡಿ ನೋವು. ಪೇಪರು ಬೀಸಿಕೊಂಡು ಮುಂಬಾಗಿಲಿಂದಲೇ ಬಂದಳು. ನಿನ್ನ ಫೋಟೋ, ಕೈಯಲ್ಲಿ ಲಟ್ಟಣಿಗೆ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ಖುಷಿಗೆ ಅಂದುಕೊಂಡಳು.

ಬುಧವಾರ ಇಬ್ಬರೂ ಕೂತು ಮೊದಲ ಕಂತು ನೋಡಿದೆವು. ಅವಳಿಗೆ ಕಿವಿ ಮಂದ, ಇಡೀ ಬೀದಿಗೆ ಕೇಳುವಷ್ಟು ದನಿ ಇಟ್ಟಳು. ನಿನ್ನ ಬಿಸ್ಕತ್ತು ಒಂದು ಕಡೆ ಕಂದಿತ್ತು. ಆ ಹೊಟ್ಟೆಯ ಜಡ್ಜ್ ಅದನ್ನು ಹಿಡಿದು ತಿರುಗಿಸಿ ನೋಡಿದಾಗ ಮೇವಿಸ್ ಅವನಿಗೆ ಇಟ್ಟ ಹೆಸರನ್ನು ಬರೆಯುವ ಹಾಗಿಲ್ಲ. ನಿನ್ನ ಪಕ್ಕದ ಮೇಜಿನಲ್ಲಿ ಸ್ಪರ್ಧೆಗಿದ್ದ ಮೀಸೆಯ ಆ ಪೋಸ್ಟ್‌ಮ್ಯಾನ್ ಒಳ್ಳೆಯವನು, ನಿನ್ನ ಬಟ್ಟಲು ಬೀಳುವುದನ್ನು ತಪ್ಪಿಸಿದ. ಕೊನೆಗೆ ಗೆಲ್ಲುವವರು ಯಾರು ಎಂದು ಮಾತ್ರ ಬರೆಯಬೇಡ. ಮೊದಲೇ ಗೊತ್ತಾದರೆ ಮೇವಿಸ್ ನನ್ನನ್ನು ಕೊಲ್ಲುತ್ತಾಳೆ.

ಈಗ ನನ್ನ ಮಾತು. ನನಗೆ ಹೇಳಬಹುದಿತ್ತು. ಡಿಪೋದ ಹಳೆಯ ಗೆಳೆಯರ ಮುಂದೆ ಬಾಯಿ ಬಿಡುತ್ತಿದ್ದೆ, ನಿಜ. ಬಿಟ್ಟಿದ್ದರೆ ಏನಾಗುತ್ತಿತ್ತು? ನಿನ್ನನ್ನು ಹೊರಗೆ ಕಳಿಸುತ್ತಿದ್ದರು, ನೀನು ಇಲ್ಲಿರುತ್ತಿದ್ದೆ.

ಎಷ್ಟು ಭಾನುವಾರ ನಾನು ಆ ಹಾಸಿಗೆಯ ಪಕ್ಕ ಕೂತು ನಿನ್ನನ್ನು ಬೈದೆ ಗೊತ್ತೇ? ಎಂಥ ಮಗಳನ್ನು ಹೆತ್ತೆ, ನೀನಿಲ್ಲಿ ನರಳುತ್ತಿದ್ದರೆ ಅವಳಲ್ಲಿ ಮಜಾ ಮಾಡುತ್ತಿದ್ದಾಳೆ ಅಂತ. ಥೆಲ್ಮಾ ಸುಮ್ಮನೆ ನನ್ನ ಕೈ ತಟ್ಟುತ್ತಿದ್ದಳು, "ಬಿಡಿ, ಬಿಡಿ, ಎಲ್ಲಾ ಸರಿ ಹೋಗತ್ತೆ" ಅಂತ. ಮಗಳ ಪರ ವಹಿಸುತ್ತಿದ್ದಾಳೆ ಅಂದುಕೊಂಡೆ. ಗುಟ್ಟು ಇಟ್ಟುಕೊಂಡು ಒಳಗೊಳಗೇ ನಗುತ್ತಿದ್ದಳು, ಕಳ್ಳಿ. ನಮ್ಮಿಬ್ಬರನ್ನೂ ಹೀಗೆ ಮಾಡಿ ಹೋದಳು. ಸತ್ತವಳ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ತೀರಿಸಿಕೊಳ್ಳುವುದು ಯಾರ ಹತ್ತಿರ?

ಅವಳಿಗೆ ನೋಡಲಾಗಲಿಲ್ಲವಲ್ಲ ಲೊರೇನ್. ಅಷ್ಟೆಲ್ಲ ಮಾಡಿ, ಅವಳಿಗೇ ನೋಡಲಾಗಲಿಲ್ಲ.

ಹೆರಾಲ್ಡ್


ನಾರಿಚ್
20 ಸೆಪ್ಟೆಂಬರ್ 2019

ಪ್ರೀತಿಯ ಅಪ್ಪ,

ನಾಲ್ಕನೇ ವಾರ ಚೆನ್ನಾಗಿತ್ತು ಅಲ್ಲವಾ? ನನ್ನ ಪೈನ ಹಿಟ್ಟಿನ ಹೊದಿಕೆ ಒಡೆದು ಒಳಗಿನ ಸಾರು ಹರಿದಾಗ ನಾನು ಏನೋ ಅಂದದ್ದನ್ನು ಟಿವಿಯವರು ಕತ್ತರಿಸಿದ್ದಾರೆ. "ಇದು ನನ್ ರೂಟಲ್ಲ" ಅಂದಿದ್ದೆ. ಪೋಸ್ಟ್‌ಮ್ಯಾನ್ ಆಲನ್ ನಕ್ಕು ನಕ್ಕು ತನ್ನ ಪೈಗೆ ಉಪ್ಪು ಹಾಕುವುದನ್ನು ಮರೆತ. ಅವನೂ 'ಕೊನೆಯ ಬಸ್ಸು' ನೋಡಿ ಬೆಳೆದವನಂತೆ. ಬಿಡುವಿನಲ್ಲಿ ನಾವಿಬ್ಬರೂ ಟೀ ಕುಡಿಯುತ್ತ ಪಿಲ್ಲಿಂಗ್‌ನ ಮಾತುಗಳನ್ನೇ ಒಪ್ಪಿಸುತ್ತಿದ್ದೆವು. ನಮ್ಮಪ್ಪ ನಿಜವಾಗಿಯೂ ಬಸ್ ಓಡಿಸುತ್ತಿದ್ದರು ಎಂದಾಗ ಅವನಿಗೆ ರಾಜಮನೆತನದವಳನ್ನು ಕಂಡ ಹಾಗಾಯಿತು. ಅಲ್ಲಿದ್ದಷ್ಟು ದಿನವೂ ನಿನ್ನ ಮಾತು ಆಡಿದ್ದೇನೆ ಅಪ್ಪ. ಇದು ನಿನಗೆ ಗೊತ್ತಿರಲಿ.

ನಿನ್ನ ಕಾಗದದಲ್ಲಿ ಕೊನೆಗೆ ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಅಮ್ಮ ನೋಡಲಿ ಎಂದೇ ಹೋದದ್ದು. ಅವಳು ಇರುವಷ್ಟು ದಿನ ಅವಳ ಹತ್ತಿರ ಇರುವುದನ್ನು ಬಿಟ್ಟು, ಅವಳು ಇಲ್ಲದಾಗ ಬರುವ ಟಿವಿಗಾಗಿ ಮೈದಾ ಕಲಸಿದೆ. ಯಾರು ಏನೇ ಸಮಾಧಾನ ಹೇಳಲಿ, ಇದು ಇದ್ದದ್ದೇ. ಆ ಭಾನುವಾರ ಯಾವ ಕೇಕು ಎಂದು ನನಗೂ ಅಮ್ಮನಿಗೂ ಮೊದಲೇ ಗೊತ್ತಿತ್ತು. ಸ್ಪಂಜು, ಅಮ್ಮ ಮಾಡುವ ಕ್ರಮದಲ್ಲೇ. ಈಸ್ಟರ್‌ನಲ್ಲಿ ನೀನು ತಿಂದು ತಿಂದು ಸಾಕಾದದ್ದು ಅದೇ.

ಸಂಜೆ ಬುಟ್ಟಿಯಿಂದ ಫೋನ್ ಎತ್ತಿಕೊಂಡಾಗ ನಿನ್ನ ಹೆಸರು ಮೇಲಿಂದ ಕೆಳಗಿನವರೆಗೆ ಇತ್ತು. ಒಂದು ಸಲವೂ ಫೋನ್ ಮಾಡದ ಅಪ್ಪ. ನೋಡಿದ ಕೂಡಲೇ ತಿಳಿಯಿತು.

ಲೊರೇನ್


ನಾರಿಚ್
30 ಸೆಪ್ಟೆಂಬರ್ 2019

ಅಪ್ಪ,

ಈ ಬುಧವಾರ ಬೇಡ. ಕ್ಲಬ್ಬಿಗೆ ಹೋಗು, ಎಲ್ಲಾದರೂ ಹೋಗು. ನಾನು ಅದರಲ್ಲಿ ನಗುತ್ತೇನೆ. ನೀನು ಅದನ್ನು ನೋಡುವುದು ಬೇಡ.

ಲೊ.


ಕೀತ್ಲಿ
10 ಅಕ್ಟೋಬರ್ 2019

ಮಗಳೇ,

ನೋಡಬೇಡ ಅಂದೆ. ನೋಡಿದೆ. ಹೇಳಿದ ಮಾತು ಕೇಳುವವನಲ್ಲ ಎಂದು ಗೊತ್ತಿದ್ದೂ ಎರಡೆರಡು ಸಲ ಬರೆದೆ.

ಮೇವಿಸ್‌ಗೆ ಈ ವಾರ ಬರಬೇಡ ಅಂದೆ. ಯಾಕೆ ಎಂದು ಕೇಳಲಿಲ್ಲ, ಒಳ್ಳೆಯ ಹೆಂಗಸು. ಥೆಲ್ಮಾಳ ಹಾಸಿಗೆ ಇದ್ದ ಜಾಗಕ್ಕೆ ಕುರ್ಚಿ ಎಳೆದುಕೊಂಡು ಒಬ್ಬನೇ ಕೂತೆ. ಅವಳು ಮಲಗಿದ್ದಲ್ಲಿಂದ ಟಿವಿ ಹೇಗೆ ಕಾಣುತ್ತದೆ ಎಂದು ನೋಡಬೇಕಿತ್ತು.

ಶುರುವಿನಲ್ಲೇ ಆ ಕಾರ್ಯಕ್ರಮ ನಡೆಸುವವನು ಏನೋ ಅಂದ, ನೀನು ತಲೆ ಹಿಂದಕ್ಕೆ ಹಾಕಿ ನಕ್ಕೆ. ನಿಜ ಹೇಳುತ್ತೇನೆ, ಮೈಯೆಲ್ಲ ಉರಿಯಿತು. ಇಲ್ಲಿ ಈ ಜಾಗದಲ್ಲಿ ಅವಳು ಹೋಗುತ್ತಿದ್ದಾಳೆ, ಅಲ್ಲಿ ಇವಳು ನಗುತ್ತಿದ್ದಾಳೆ ಅಂತ. ಎದ್ದು ಆರಿಸಲು ಹೋದೆ. ಅಷ್ಟರಲ್ಲಿ ನೀನು ಓವನ್ನಿನ ಮುಂದೆ ಮಂಡಿಯೂರಿ ಕೂತೆ. ಗಾಜಿನೊಳಗೆ ನೋಡಿದೆ. ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟೆ. ಪಕ್ಕದಲ್ಲಿ ಪೋಸ್ಟ್‌ಮ್ಯಾನ್ ತನ್ನದನ್ನು ತೆಗೆದು ನೋಡುತ್ತಿದ್ದ, ಅವನದು ಆಮೇಲೆ ಕುಸಿಯಿತು. ನೀನು ಸ್ವಲ್ಪ ಹೊತ್ತು ಹಾಗೇ ಇದ್ದು ಕೈ ಹಿಂದಕ್ಕೆ ತೆಗೆದುಕೊಂಡೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ, ಚಿಕ್ಕವಳಿದ್ದಾಗ ನಮ್ಮ ಅಡುಗೆಮನೆಯಲ್ಲಿ ಕೂರುತ್ತಿದ್ದ ಹಾಗೆ.

ಆಗ ನನಗೆ ಥೆಲ್ಮಾ ಅವತ್ತು ಅಂದ ಮಾತು ಜ್ಞಾಪಕ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಮರೆತಿರಲೇ ಇಲ್ಲ. ಬಡಬಡಿಕೆ ಅಂದುಕೊಂಡು ಪಕ್ಕಕ್ಕೆ ಇಟ್ಟಿದ್ದೆ. ನೀನು ಕೇಕು ಮಾಡುತ್ತಿದ್ದೆ ಎಂದು ಬರೆದ ದಿನವೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಸಿಟ್ಟಿನಲ್ಲಿದ್ದವನಿಗೆ ಏನು ಹೊಳೆಯುತ್ತದೆ?

ಆ ಭಾನುವಾರ ಬೆಳಿಗ್ಗೆ ಲೊರೇನ್‌ಗೆ ಫೋನ್ ಮಾಡಲಾ ಎಂದು ಕೇಳಿದಾಗ ಅವಳು ಅಂದದ್ದು ಬೇಡ ಅಂತ ಮಾತ್ರ ಅಲ್ಲ. ಅವಳ ಮಾತನ್ನು ಹಾಗೆ ಹಾಗೇ ಬರೆಯುತ್ತೇನೆ.

"ಬೇಡ ರೀ. ಈಗ ಅವಳ ಸ್ಪಂಜು ಒಳಗಿರತ್ತೆ. ಬಾಗ್ಲು ತೆಗೆಸ್ಬೇಡಿ."

ನಮ್ಮ ಅಡುಗೆಮನೆಯಲ್ಲಿ ಏನೋ ಬೇಯುತ್ತಿದೆ ಎಂದು ಅವಳಿಗೆ ಭ್ರಮೆ ಅಂದುಕೊಂಡೆ. ಅವಳ ಸಮಾಧಾನಕ್ಕೆ ಎದ್ದು ಹೋಗಿ ಓವನ್ ನೋಡಿ ಬಂದೆ. ಖಾಲಿ ಇತ್ತು. ಒಳಗೇನೂ ಇಲ್ಲ ಕಣೇ ಅಂದೆ. ಅವಳು ನನ್ನನ್ನು ನೋಡಿ ನಕ್ಕಳು, ಪಾಪ ಇವರಿಗೇನು ತಿಳಿಯುತ್ತೆ ಎನ್ನುವ ಹಾಗೆ. ಆಮೇಲೆ ನನ್ನ ಕಾಲು ನೋಡಿ, "ಶೂ ಬಿಚ್ಚಿ" ಅಂದಳು. ಬಿಚ್ಚಿದೆ. ಅವಳು ಹೋದಾಗ ನಾನು ಕಾಲುಚೀಲದಲ್ಲಿದ್ದೆ ಲೊರೇನ್. ನರ್ಸು ಬಂದಾಗ ಬಾಗಿಲು ತೆಗೆದದ್ದೂ ಹಾಗೇ, ಸದ್ದಾಗದ ಹಾಗೆ.

ನಿನ್ನನ್ನು ಒಂದು ಸಲವೂ ಕೇಳಲಿಲ್ಲ ಅಂದೆ. ಅವಳು ಯಾಕೆ ಕೇಳುತ್ತಾಳೆ? ಆ ಬೆಳಿಗ್ಗೆ ಪೂರ್ತಿ ಅವಳು ನಿನ್ನ ಜೊತೆಯಲ್ಲೇ ಇದ್ದಳು. ಈ ಕೋಣೆಯಲ್ಲಿ ಇದ್ದವನು ನಾನೊಬ್ಬನೇ.

ಈ ಮಾತನ್ನು ಅವತ್ತೇ, ಮಣ್ಣು ಮಾಡಿ ಬಂದ ದಿನವೇ ನಿನಗೆ ಕೊಡಬೇಕಿತ್ತು. ಅರ್ಥವಾಗದಿದ್ದರೂ ಕೊಡಬೇಕಿತ್ತು, ಅದು ನಿನ್ನದು. ನಾನು ಅದರ ಬದಲು ಬೇರೆ ಮಾತು ಕೊಟ್ಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಬೇಸಗೆಯಿಡೀ ನೀನು ಅದನ್ನು ಹೊತ್ತುಕೊಂಡು ಓಡಾಡಿದೆ. ನನ್ನಿಂದ ತಪ್ಪಾಯಿತು ಮಗಳೇ.

ಜಡ್ಜ್ ಹೆಂಗಸು ನಿನ್ನ ಸ್ಪಂಜು ಬಾಯಿಗಿಟ್ಟುಕೊಂಡು ಇನ್ನೊಂದು ಚೂರು ತೆಗೆದುಕೊಂಡಳು. ಥೆಲ್ಮಾ ಇದ್ದಿದ್ದರೆ ಇಷ್ಟು ವರ್ಷದ ಜಗಳವನ್ನು ಅಲ್ಲಿಗೇ ಮುಗಿಸಿರುತ್ತಿದ್ದಳು. ಆ ವಾರಕ್ಕೆ ನೀನೇ ಎಲ್ಲರಿಗಿಂತ ಮೇಲು ಅಂದರು. ನಿನ್ನ ಕೊರಳಿಗೆ ರಿಬ್ಬನ್ನು ಹಾಕಿದರು. ನೀನು ಕ್ಯಾಮೆರಾ ಕಡೆ ತಿರುಗಿ ಕೈ ಬೀಸಿದೆ. ಯಾರಿಗೆ ಬೀಸಿದೆ ಎಂದು ನನಗೆ ಗೊತ್ತು. ನಾನು ಆ ಕುರ್ಚಿಯಲ್ಲಿ ಕೂತು ವಾಪಸ್ಸು ಬೀಸಿದೆ, ನೋಡುವವರು ಯಾರೂ ಇರಲಿಲ್ಲ.

ನಿನ್ನೆ ಏಳನೇ ವಾರ. ಮೇವಿಸ್ ಬಂದಿದ್ದಳು. ನಿನ್ನ ಮೇಜು ಖಾಲಿ. ಲೊರೇನ್ ಇನ್ನು ಮುಂದೆ ನಮ್ಮೊಂದಿಗೆ ಇರುವುದಿಲ್ಲ ಎಂದು ಒಂದೇ ಮಾತು ಹೇಳಿ ಮುಂದೆ ಹೋದರು. ಮೇವಿಸ್ ದನಿ ಹೆಚ್ಚು ಮಾಡಿದಳು, ತಪ್ಪು ಕೇಳಿಸಿಕೊಂಡೆನೇನೋ ಎಂದು. ನಿಮ್ಮಮ್ಮ ಹೋದಳೆಂದು ಸ್ಪರ್ಧೆಯನ್ನೇ ಬಿಟ್ಟುಬಂದದ್ದನ್ನು ನೀನು ನನಗೆ ಬರೆಯಲಿಲ್ಲ. ಗೆಲ್ಲುತ್ತಿದ್ದೆ ಕಣೇ. ನಿಮ್ಮಮ್ಮ ಇದ್ದಿದ್ದರೆ ನಮ್ಮಿಬ್ಬರ ಕಿವಿಯನ್ನೂ ಹಿಂಡುತ್ತಿದ್ದಳು.

ಇನ್ನೊಂದು ವಿಷಯ. ನೆಗ್ಗಿದ ಡಬ್ಬಿ ಸಿಕ್ಕಿತು. ಅದನ್ನು ಕೊಂಡವಳು ಮೇವಿಸ್ಸೇ. ಥೆಲ್ಮಾಳ ನೆನಪಿಗೆ ಇರಲಿ ಎಂದು ತಂದಿಟ್ಟುಕೊಂಡಿದ್ದಳಂತೆ. ನನಗೆ ಬೇಜಾರಾದೀತು ಎಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈ ಬೀದಿಯಲ್ಲಿ ಎಲ್ಲರಿಗೂ ಅದೇ ರೋಗ. ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿ ಒಂದು ಸ್ಪಂಜು ಮಾಡಿದೆ. ತಡೆಯಲಾರದೆ ಮತ್ತೆ ಮತ್ತೆ ಬಾಗಿಲು ತೆಗೆದು ನೋಡಿದೆ. ನಡುವೆ ಬಾವಿಯ ಹಾಗೆ ಕುಸಿದಿದೆ. ಮೇವಿಸ್ ತಿಂದು ಬಹಳ ಚೆನ್ನಾಗಿದೆ ಅಂದಳು. ಹಾಗಂದರೆ ಏನು ಎಂದು ನಿನಗೆ ಗೊತ್ತು.

ಭಾನುವಾರ ಮಧ್ಯಾಹ್ನ ಫೋನ್ ಮಾಡು. ಎತ್ತುತ್ತೇನೆ. ಇರು, ನಿಮ್ಮಮ್ಮನಿಗೆ ಕೊಡುತ್ತೇನೆ ಎಂದು ಬಾಯಿಗೆ ಬಂದುಬಿಡಬಹುದು, ಇಷ್ಟು ವರ್ಷದ ಅಭ್ಯಾಸ. ಬಂದರೆ ಬೇಜಾರು ಮಾಡಿಕೊಳ್ಳಬೇಡ. ಆಮೇಲೆ ನನಗೆ ಏನು ಮಾತಾಡಬೇಕೆಂದು ತಿಳಿಯದೆ ಸುಮ್ಮನಾಗಬಹುದು. ಆಗ ಫೋನ್ ಇಡಬೇಡ, ನಾನು ಇರುತ್ತೇನೆ.

ಅಪ್ಪ